ಬರ್ತೀನಿ ಅಂದವನು

ಲಿಫ್ಟ್ ಮಾವನ ಬಾಯಿಚಪಲ ಇಡೀ ವಠಾರಕ್ಕೆ ಗೊತ್ತಿದ್ದ ವಿಷಯ. ಲಿಫ್ಟು ರಿಪೇರಿ ಮಾಡುವುದು ಅವನ ಕೆಲಸ, ವಠಾರದ ಮಕ್ಕಳೆಲ್ಲ ಅವನನ್ನು ಮಾವ ಅನ್ನುತ್ತಿದ್ದವು, ಎರಡೂ ಸೇರಿ ಆ ಹೆಸರು ಅಂಟಿಕೊಂಡಿತ್ತು. ಊಟ ಹೇಗಿದ್ದರೂ ಅವನಿಗೆ ನಡೆಯುತ್ತಿತ್ತು. ಸಂಜೆಯ ಕಾಫಿಯ ಜೊತೆ ಕುರುಕಲು ಏನೂ ಇಲ್ಲದಿದ್ದರೆ ಮಾತ್ರ ಮುಖ ಸುಟ್ಟ ಬದನೆಕಾಯಿಯ ಹಾಗೆ ಆಗುತ್ತಿತ್ತು. ಅದರಲ್ಲೂ ಕೋಡುಬಳೆ ಅಂದರೆ ಪ್ರಾಣ. ಹೊಸ ಮಾದರಿಯ ಲಿಫ್ಟಿನ ತರಬೇತಿಗೆ ಪರದೇಶಕ್ಕೆ ಹೋಗಬೇಕು ಎಂದು ಕಂಪನಿಯವರು ಕರೆದು ಹೇಳಿದಾಗ, ಬೇರೆಯವರಾಗಿದ್ದರೆ ಸಂಬಳದ ಬಗ್ಗೆಯೋ ಚಳಿಯ ಬಗ್ಗೆಯೋ ಕೇಳುತ್ತಿದ್ದರು. ಇವನು ಕೇಳಿದ್ದು, "ಅಲ್ಲಿ ತಿನ್ನೋಕೆ ಏನ್ ಸಿಗುತ್ತೆ ಸಾರ್?"

ಹೆಂಡತಿ ಎರಡು ದಿನ ಒಲೆಯ ಮುಂದೆ ನಿಂತು ಒಂದು ಡಬ್ಬಿ ಕೋಡುಬಳೆ ಕರಿದುಕೊಟ್ಟಳು. "ನೋಡ್ಕೊಂಡು ತಿನ್ನಿ. ವಿಮಾನದಲ್ಲೇ ಖಾಲಿ ಮಾಡಿ, ಇಳಿದ ತಕ್ಷಣ ಇನ್ನೊಂದು ಡಬ್ಬಿ ಕಳ್ಸು ಅಂತ ಫೋನ್ ಮಾಡ್ಬೇಡಿ" ಎಂದಳು. ಆ ಭಾಗ್ಯವೂ ಅವನಿಗೆ ಇರಲಿಲ್ಲ. ಇಳಿದ ಕಡೆ, ಕೈಗವಸು ತೊಟ್ಟ ಅಧಿಕಾರಿಯೊಬ್ಬ ಡಬ್ಬಿ ತೆಗೆಸಿ, ಒಂದು ಕೋಡುಬಳೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಅದರ ತೂತಿನಿಂದ ಇವನ ಮುಖವನ್ನೇ ನೋಡಿದ. ಆಮೇಲೆ ತಲೆ ಅಲ್ಲಾಡಿಸಿ ಡಬ್ಬಿಯನ್ನು ಕಸದ ತೊಟ್ಟಿಗೆ ಬೋರಲು ಹಾಕಿದ. "ಒಂದಾದ್ರೂ ತಿಂದು ಬಿಸಾಡಯ್ಯಾ" ಎಂದ ಲಿಫ್ಟ್ ಮಾವ, ಅಪ್ಪಟ ಕನ್ನಡದಲ್ಲಿ. ಅಧಿಕಾರಿ ಖಾಲಿ ಡಬ್ಬಿಯನ್ನು ಮರ್ಯಾದೆಯಿಂದ ವಾಪಸು ಕೊಟ್ಟ.

ಅಲ್ಲಿಂದ ಶುರುವಾಯಿತು ನಾಲಿಗೆಯ ಉಪವಾಸ. ತರಬೇತಿ ಕೇಂದ್ರದ ಕ್ಯಾಂಟೀನಿನಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಎಲ್ಲವೂ ಮೆತ್ತಗೆ, ಎಲ್ಲವೂ ಸಪ್ಪೆ, ಎಲ್ಲವೂ ಆಸ್ಪತ್ರೆಯಲ್ಲಿ ಮಲಗಿದವನಿಗೆ ಮಾಡಿದ ಹಾಗೆ. ಹಲ್ಲಿಗೆ ಕೆಲಸವೇ ಇಲ್ಲ. ಹತ್ತು ದಿನ ಹೀಗೆ ಕಳೆಯುವಷ್ಟರಲ್ಲಿ ಅವನು ಕನಸಿನಲ್ಲೂ ಕಟಕಟ ಸದ್ದು ಕೇಳುತ್ತಿದ್ದ.

ತರಬೇತಿ ಕೊಡುವವನು ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಮನುಷ್ಯ. ಲಿಫ್ಟ್ ಮಾವ ಅವನಿಗೆ ಮನಸ್ಸಿನಲ್ಲೇ ಉದ್ದಣ್ಣ ಎಂದು ಹೆಸರಿಟ್ಟಿದ್ದ. ಇವನ ಮುರುಕು ಇಂಗ್ಲಿಷು, ಅವನ ಅವಸರದ ಇಂಗ್ಲಿಷು, ಉಳಿದದ್ದು ಕೈಸನ್ನೆ. ಆ ಗುರುವಾರ ಉದ್ದಣ್ಣ ಇವನನ್ನು ಒಂದು ಹಳೆಯ ಕಟ್ಟಡಕ್ಕೆ ಕರೆದುಕೊಂಡು ಹೋದ. ಕಿರಿದಾದ ಬೀದಿ, ಐದು ಮಹಡಿ, ಬಣ್ಣ ಕಳಚಿದ ಮೆಟ್ಟಿಲ ಕಂಬಿ. ಲಿಫ್ಟು ಕೆಟ್ಟು ಎಷ್ಟೋ ತಿಂಗಳಾಗಿತ್ತಂತೆ. ಬಾಗಿಲಿನ ಬೀಗ ಸರಿಯಾಗಿ ಕೂರುತ್ತಿರಲಿಲ್ಲ, ಬ್ರೇಕು ಹಿಡಿಯುತ್ತಿರಲಿಲ್ಲ, ಮಹಡಿ ಬಂತೆಂದು ಹೇಳುವ ಗಂಟೆಯಂತೂ ಸತ್ತೇಹೋಗಿತ್ತು. ಉದ್ದಣ್ಣ ಕೆಳಗೆ ಮೋಟಾರಿನ ಹತ್ತಿರ ಕೂತ. ಲಿಫ್ಟ್ ಮಾವ ಜನ ನಿಲ್ಲುವ ಡಬ್ಬದ ನೆತ್ತಿಯ ಮೇಲೆ ನಿಂತು, ಲಿಫ್ಟು ಏರಿಳಿಯುವ ಬಾವಿಯೊಳಗೆ ಟಾರ್ಚು ಬಿಟ್ಟು ತಂತಿ ಹುಡುಕತೊಡಗಿದ.

ಆಗ ಬಂತು ಆ ವಾಸನೆ. ಗ್ರೀಸು, ಧೂಳು, ಹಳೆಯ ರಬ್ಬರು ಎಲ್ಲವನ್ನೂ ಸೀಳಿಕೊಂಡು ಬಂತು. ಕಾದ ಎಣ್ಣೆ, ಇಂಗು, ಒಣಮೆಣಸಿನಕಾಯಿ. ಲಿಫ್ಟ್ ಮಾವನ ಕೈಯಲ್ಲಿದ್ದ ಸ್ಕ್ರೂಡ್ರೈವರು ಅಲ್ಲೇ ನಿಂತಿತು. ಮೊದಲು ತನಗೆ ಭ್ರಮೆ ಹಿಡಿದಿದೆ ಎಂದುಕೊಂಡ. ಇನ್ನೊಮ್ಮೆ ಎಳೆದುಕೊಂಡ. ಬಾಯಿ ತುಂಬ ನೀರು ಬಂತು, ಭ್ರಮೆಗೆ ಅಷ್ಟು ನೀರು ಬರುವುದಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಜಾಲರಿ ಸೌಟು ಹಿಡಿದು ನಿಂತಿದ್ದಾಳೆ ಅನ್ನಿಸಿ, ನಲವತ್ತೆಂಟು ವರ್ಷದ ಗಂಡಸಿಗೆ ಆ ಕತ್ತಲ ಬಾವಿಯಲ್ಲಿ ಅಳುವೇ ಬಂದುಬಿಟ್ಟಿತು.

ಕೆಲಸ ಅರ್ಧಕ್ಕೆ ಬಿಟ್ಟು ಮೆಟ್ಟಿಲು ಹತ್ತಿದ. ಒಂದೊಂದು ಮನೆಯ ಬಾಗಿಲ ಸಂದಿಗೂ ಮೂಗು ಇಟ್ಟು ನೋಡಿದ. ಉದ್ದಣ್ಣ ಎಲ್ಲೋ ತಂತಿ ಸುಡುತ್ತಿದೆ ಎಂದು ಗಾಬರಿಯಾಗಿ ಹಿಂದೆಯೇ ಓಡಿಬಂದು ತಾನೂ ಬಗ್ಗಿ ಮೂಸಿದ. "ಬೆಂಕಿಯಲ್ಲ, ತಿಂಡಿ" ಎಂದು ಅವನಿಗೆ ತಿಳಿಸುವಷ್ಟರಲ್ಲಿ ಲಿಫ್ಟ್ ಮಾವನಿಗೆ ಸಾಕುಸಾಕಾಯಿತು. ಉದ್ದಣ್ಣ ಹಣೆ ಚಚ್ಚಿಕೊಂಡು ಕೆಳಗಿಳಿದ. ನಾಲ್ಕನೆಯ ಮಹಡಿಯಲ್ಲಿ, ಲಿಫ್ಟಿನ ಎದುರಿಗೇ ಇದ್ದ ಬಾಗಿಲನ್ನು ಇವನು ತಟ್ಟಿದ.

ತೆಗೆದವಳು ಒಬ್ಬ ಅಜ್ಜಿ. ಮಂಡಿಗೆ ಪಟ್ಟಿ ಕಟ್ಟಿದ್ದಳು, ಕೈಯಲ್ಲಿ ಹಿಟ್ಟು. ಇವನು ಆ ದೇಶದ ಭಾಷೆಯಲ್ಲಿ ಕಲಿತಿದ್ದ ನಮಸ್ಕಾರವನ್ನೂ ಮರೆತು, "ಅಮ್ಮಾ, ಕೋಡುಬಳೆನಾ?" ಎಂದುಬಿಟ್ಟ.

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಯ್ಯೋ, ಬಾರಪ್ಪಾ ಒಳಗೆ" ಎಂದಳು. ಯಾರು, ಯಾಕೆ ಬಂದೆ, ಯಾವುದೂ ಕೇಳಲಿಲ್ಲ.

ಅವಳು ಮಾಡಿ ಕೊಡುವುದನ್ನು ಬೀದಿ ಕೊನೆಯ ಅಂಗಡಿಯವನು ಒಯ್ಯುತ್ತಿದ್ದನಂತೆ. ಇಲ್ಲಿನ ಜನಕ್ಕೆ ಅದೇನೆಂದು ಗೊತ್ತಿಲ್ಲ, ಕುರುಮ್ ಕುರುಮ್ ಅನ್ನುತ್ತದಲ್ಲ ಎಂದು ಖರೀದಿಸುತ್ತಾರೆ ಅಷ್ಟೆ. "ಖಾರ ಕಮ್ಮಿ ಮಾಡಿ ಕೊಡ್ತೀನಿ, ಇಲ್ದಿದ್ರೆ ಅಂಗಡಿ ಮುಂದೇನೇ ಕುಣೀತಾರೆ. ಇದು ನಮ್ಮನೆಗೆ ಕರಿದಿದ್ದು, ನೀನು ತಿನ್ನು" ಎಂದು ಒಂದು ತಟ್ಟೆ ತುಂಬ ಇಟ್ಟಳು. ಲಿಫ್ಟ್ ಮಾವ ಮೊದಲನೆಯದನ್ನು ಕಚ್ಚಿ ಕಣ್ಣು ಮುಚ್ಚಿದ. ಎರಡನೆಯದನ್ನು ಸಣ್ಣ ಮಗುವಿನ ಹಾಗೆ ಬೆರಳಿಗೆ ಹಾಕಿಕೊಂಡು ತಿಂದ.

"ಕಾಲು ಉದ್ದ ಆಯ್ತಲ್ಲಯ್ಯಾ" ಎಂದಿತು ಕಿಟಕಿಯ ಕಡೆಯಿಂದ ಒಂದು ದನಿ.

ಅಜ್ಜಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಕಿಟಕಿಯ ಬಳಿ ಕುರ್ಚಿಯಲ್ಲಿ ಅವಳ ಗಂಡ ಕೂತಿದ್ದ. ಬಡಕಲು ಅಜ್ಜ, ಕೆನ್ನೆಯ ತುಂಬ ಬಿಳಿ ಗಡ್ಡದ ಕೂಳೆ. ಜೀವಮಾನವೆಲ್ಲ ದರ್ಜಿಯಾಗಿದ್ದವನು, ಈ ದೇಶಕ್ಕೆ ಬಂದದ್ದೂ ಹೊಲಿಗೆ ಯಂತ್ರವನ್ನು ನಂಬಿಕೊಂಡೇ. ಅವನ ಕಣ್ಣು ಲಿಫ್ಟ್ ಮಾವನ ಪ್ಯಾಂಟಿನ ಮೇಲೆ ನೆಟ್ಟಿತ್ತು.

"ಏನಂದ್ರಿ ಅಜ್ಜಾ?"

"ಪ್ಯಾಂಟಿನ ಕಾಲು. ಯಾರು ಹೊಲಿದಿದ್ದು? ಹಿಮ್ಮಡೀಲಿ ತುಳೀತಾ ಇದ್ದೀಯಾ. ಅರ್ಧ ಇಂಚು ಮಡಚ್ಬೇಕು. ಬಿಚ್ಚಿ ಕೊಡು, ಕೂತಲ್ಲೇ ಹಾಕ್ಕೊಡ್ತೀನಿ."

"ಈಗ್ಲೇ ಬಿಚ್ಚಿದ್ರೆ ನಾನು ಲಿಫ್ಟಿನ ಕೆಲ್ಸ ಹೇಗೆ ಮಾಡ್ಲಿ ಅಜ್ಜಾ?"

ಅಜ್ಜ ನಕ್ಕ. ಹಲ್ಲಿಲ್ಲದ ಬಾಯಿ ಅಗಲಿಸಿ, ಹೊಟ್ಟೆ ಕುಣಿಸಿ ನಕ್ಕ. ಆಮೇಲೆ ಒಂದರ ಹಿಂದೆ ಒಂದು ಮಾತು ಬಂತು. ಬಟ್ಟೆ ಕೊಂಡರೆ ಮೊದಲು ನೀರಿಗೆ ಹಾಕಬೇಕು, ಇಲ್ಲದಿದ್ದರೆ ಒಗೆದ ಮೇಲೆ ಗಿಡ್ಡವಾಗುತ್ತದೆ. ಒಬ್ಬ ಮದುಮಗನ ಕೋಟಿನ ಗುಂಡಿ ತಾಳಿ ಕಟ್ಟುವ ಹೊತ್ತಿಗೇ ಹಾರಿ ಪುರೋಹಿತರ ಹಣೆಗೆ ಬಡಿದದ್ದು. ಲಿಫ್ಟ್ ಮಾವನೂ ಮಾತಿನ ಮಲ್ಲನೇ, ಎರಡು ಹೇಳಿದರೆ ನಾಲ್ಕು ಹೇಳಿದ. ನಡುವೆ ಒಮ್ಮೆ ತಿರುಗಿ ನೋಡಿದರೆ ಅಜ್ಜಿ ಒಲೆಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅವಳು ಇವನನ್ನು ಅಡುಗೆಮನೆಯ ಮೂಲೆಗೆ ಕರೆದು ಸಣ್ಣ ದನಿಯಲ್ಲಿ ಎಲ್ಲ ಹೇಳಿದಳು. ಅಜ್ಜನಿಗೆ ಮರೆವು ಶುರುವಾಗಿ ಎರಡು ವರ್ಷ. ಮೊದಲು ಹೋದದ್ದು ಇಲ್ಲಿಯ ಭಾಷೆ, ಹೊಲಿಗೆ ಬಿಚ್ಚಿದ ಹಾಗೆ ಉದುರಿಹೋಯಿತು. ಕನ್ನಡ ಉಳಿದಿದೆ, ಆದರೆ ಆಡಲು ಅವಳನ್ನು ಬಿಟ್ಟು ಯಾರಿದ್ದಾರೆ? ಮಕ್ಕಳಿಲ್ಲ. ಗಂಡ ಹೆಂಡತಿ ಎಷ್ಟಂತ ಮಾತಾಡಿಯಾರು, ಸಾರಿಗೆ ಉಪ್ಪು ಸಾಕಾ ಅನ್ನುವುದು ಬಿಟ್ಟರೆ. ಈಗ ವಯಸ್ಸಾದವರನ್ನು ವಿಚಾರಿಸುವ ಕಚೇರಿಯಿಂದ ಒಬ್ಬಳು ಬರುತ್ತಾಳೆ. ಅಜ್ಜನನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದಾ, ನೋಡಿಕೊಳ್ಳುವ ಜಾಗಕ್ಕೆ ಕಳಿಸಬೇಕಾ ಎಂದು ತೀರ್ಮಾನ ಮಾಡುವವಳು ಅವಳೇ.

"ಅವಳೆದುರಿಗೆ ಇವರು ಬಾಯೇ ಬಿಡೋದಿಲ್ಲ, ಗೋಡೆ ನೋಡ್ತಾ ಕೂತಿರ್ತಾರೆ. ಹೋದ ಸಲ ಫೋನಲ್ಲಿ ಯಾರನ್ನೋ ಹಿಡಿದು ಮಾತಾಡ್ಸಿದ್ಲು. ಅವನಾಡಿದ ಭಾಷೆ ಇವರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ, ಅವನಿಗಾದ್ರೂ ಗೊತ್ತಿತ್ತೋ ಇಲ್ವೋ. ನಾನು ಹೇಳಿದ್ರೆ, ನೀವು ಹೆಂಡ್ತಿ, ನೀವು ಹಾಗೇ ಹೇಳ್ತೀರಿ ಅಂತಾಳೆ. ಶನಿವಾರ ಬೆಳಿಗ್ಗೆ ಕೊನೇ ಸಲ ಬರ್ತಾಳೆ. ನೀನು ಬಂದು ಇವರೆದುರಿಗೆ ಸುಮ್ನೆ ಹೀಗೇ ಕೂತು ಮಾತಾಡಪ್ಪಾ. ಇವರು ಮಾತಾಡೋದನ್ನ ಅವಳು ಕಣ್ಣಾರೆ ನೋಡ್ಲಿ. ಇವರನ್ನ ಕರ್ಕೊಂಡ್ ಹೋದ್ರೆ ಅಲ್ಲಿ ಇವರ ಜೊತೆ ಯಾರಪ್ಪಾ ಮಾತಾಡೋದು?"

ಲಿಫ್ಟ್ ಮಾವನ ಬಾಯಲ್ಲಿದ್ದ ಕೋಡುಬಳೆ ಅಗಿಯುವುದು ನಿಂತಿತು. ಶನಿವಾರ ತರಬೇತಿಗೆ ಬಂದವರೆಲ್ಲ ಕೆರೆಯಲ್ಲಿ ದೋಣಿ ವಿಹಾರಕ್ಕೆ ಹೋಗುವುದಿತ್ತು. ಅದಕ್ಕಿಂತ ಹೆಚ್ಚಾಗಿ ಕಚೇರಿ ಅಂದ ಕೂಡಲೇ ಅವನಿಗೆ ಒಳಗೆ ಅಳುಕು. ಪರದೇಶ, ಯಾರದೋ ಮನೆ, ಸರ್ಕಾರದವರ ವಿಚಾರಣೆ, ನೀನ್ಯಾರು ಎಂದು ಕೇಳಿದರೆ ಏನು ಹೇಳುವುದು? ಇಲ್ಲದ ಉಸಾಬರಿ ಯಾಕೆ?

"ನೋಡೋಣಮ್ಮಾ" ಎಂದ.

ನಮ್ಮ ಜನ ನೋಡೋಣ ಅಂದರೆ ಏನು ಅರ್ಥ ಎಂದು ನಿಮಗೂ ಗೊತ್ತು. ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳದೆ ಜಾರಿಕೊಳ್ಳುವ ಮಾತು ಅದು. ಅಜ್ಜಿಗೂ ಗೊತ್ತಿತ್ತು, ಅವಳ ಮುಖ ಸಣ್ಣದಾಯಿತು. ಆದರೂ ಒಂದು ದೊಡ್ಡ ಪೊಟ್ಟಣ ಕಟ್ಟಿ ಅವನ ಕೈಗಿಟ್ಟಳು. ಬೇಡ ಅನ್ನುವ ಶಕ್ತಿ ಲಿಫ್ಟ್ ಮಾವನಿಗೆ ಎಲ್ಲಿಂದ ಬರಬೇಕು? ಉದ್ದಣ್ಣ ಕೆಳಗಿನಿಂದ ಕೂಗತೊಡಗಿದ್ದ. ಶೂಗೆ ಕಾಲು ತೂರಿಸಿ, ಪೊಟ್ಟಣವನ್ನು ಕಂಕುಳಲ್ಲಿ ಅವುಚಿಕೊಂಡು, ಹಿರಿಯರ ಮನೆಯಿಂದ ಹೊರಡುವಾಗ ಯಾರಾದರೂ ಹೇಳುವುದನ್ನೇ ಹೇಳಿದ. "ಬರ್ತೀನಮ್ಮಾ. ಅಜ್ಜಾ, ಬರ್ತೀನಿ."

ಹೋಗುತ್ತೇನೆ ಎಂದು ಯಾರೂ ಹೇಳುವುದಿಲ್ಲ, ಅದು ಅಪಶಕುನ. ಬರುತ್ತೇನೆ ಅನ್ನುತ್ತೇವೆ, ಹೋಗುತ್ತೇವೆ. ಆದರೆ ಅಜ್ಜನ ತಲೆಯಲ್ಲಿ ಆ ಬಳಕೆಯ ಗಂಟು ಯಾವಾಗಲೋ ಬಿಚ್ಚಿಹೋಗಿತ್ತು, ಉಳಿದದ್ದು ಬರಿಯ ಮಾತು. ಅವನ ಮುಖ ಬೆಳಗಿತು. "ಬರ್ತಾನಂತೆ ನೋಡೇ! ಪ್ಯಾಂಟು ತಗೊಂಡೇ ಬಾ, ಮರೀಬೇಡ" ಎಂದ.

ಅಜ್ಜಿ ಲಿಫ್ಟ್ ಮಾವನ ಮುಖ ನೋಡಿದಳು. ಹೌದಾ ಎಂದು ಬಾಯಿಬಿಟ್ಟು ಕೇಳಲಿಲ್ಲ. ಆಗ ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಲ್ಲ ಅಜ್ಜಾ, ಹೊರಡ್ತೀನಿ ಅಂತ ಹೇಳಿದ್ದು, ನನಗೆ ಬರೋಕೆ ಆಗಲ್ಲ. ಅಷ್ಟೇ. ಪೊಟ್ಟಣ ಕಂಕುಳಲ್ಲಿ ಬೆಚ್ಚಗಿತ್ತು. ಅವನು ನಕ್ಕ ಹಾಗೆ ಮಾಡಿ ಬಾಗಿಲು ದಾಟಿದ. ತಾನೇನೂ ಸುಳ್ಳು ಹೇಳಲಿಲ್ಲ, ಎಲ್ಲರೂ ಹೇಳುವುದನ್ನೇ ಹೇಳಿದೆ ಎಂದು ಮೆಟ್ಟಿಲಿಳಿಯುತ್ತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಮನುಷ್ಯ ತನಗೆ ತಾನೇ ವಕೀಲನಾದರೆ ಸೋಲುವುದೇ ಇಲ್ಲ.

ಸಂಜೆಯೊಳಗೆ ಲಿಫ್ಟು ಓಡಿತು. ಕೊನೆಗೆ ಉಳಿದಿದ್ದ ಗಂಟೆಯ ಕೆಲಸವನ್ನು ಉದ್ದಣ್ಣ ಇವನೊಬ್ಬನಿಗೇ ಬಿಟ್ಟ. ಲಿಫ್ಟ್ ಮಾವ ಪ್ರತಿ ಮಹಡಿಯಲ್ಲೂ ಟಿಣ್ ಎಂದು ತುಂಬ ಸೊಗಸಾಗಿ ಬಾರಿಸುವ ಹಾಗೆ ಮಾಡಿದ, ಬೆನ್ನು ತಟ್ಟಿಸಿಕೊಂಡ.

ಶನಿವಾರ ಬಿಸಿಲು ಚೆನ್ನಾಗಿತ್ತು. ದೋಣಿಯಲ್ಲಿ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದ. ಉದ್ದಣ್ಣ ಒಂದು ಕಚ್ಚಿ ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದಕ್ಕೆ ಕೈ ಚಾಚಿದ. ಎಲ್ಲರೂ ನಕ್ಕರು. ಈ ಹೊತ್ತಿಗೆ ಆ ಕಚೇರಿಯವಳು ಬಂದಿರಬೇಕು ಎಂದು ಲಿಫ್ಟ್ ಮಾವನಿಗೆ ಹೊಳೆಯಿತು. ನೀರು ಕುಡಿದ. ಆಮೇಲೆ ಇನ್ನೊಂದು ತಿಂದ. ಅದನ್ನೂ ಹೇಳಿಬಿಡಬೇಕು, ತಿಂದ.

ಭಾನುವಾರ ಬಟ್ಟೆ ಒಗೆಯುವ ನೆಪದಲ್ಲಿ ಕೋಣೆ ಬಿಟ್ಟು ಹೊರಡಲಿಲ್ಲ. ಒಗೆದು ಹಗ್ಗದ ಮೇಲೆ ಹಾಕಿದ ಪ್ಯಾಂಟಿನ ಕಾಲು, ಹಿಮ್ಮಡಿಯ ಹತ್ತಿರ ಸವೆದು ನೂಲು ಬಿಟ್ಟಿದ್ದು ಕಣ್ಣಿಗೆ ಬಿತ್ತು. ಸೋಮವಾರ ತರಬೇತಿ ಮುಗಿದು ಎಲ್ಲರ ಕೈ ಕುಲುಕಿಯಾಯಿತು, ಸಂಜೆಗೆ ವಿಮಾನ. ಅವನು ಪ್ಯಾಂಟನ್ನು ಒಂದು ಚೀಲದಲ್ಲಿ ಹಾಕಿಕೊಂಡು ಆ ಕಿರಿದಾದ ಬೀದಿಗೆ ಹೋದ. ಎರಡು ದಿನ ತಡವಾದರೇನು, ಅಜ್ಜನಿಗೆ ದಿನದ ಲೆಕ್ಕವೆಲ್ಲಿ ಇರುತ್ತದೆ ಎಂದುಕೊಂಡ.

ನಾಲ್ಕನೆಯ ಮಹಡಿಯಲ್ಲಿ ಲಿಫ್ಟು ಟಿಣ್ ಎಂದಿತು. ಅವನು ಹೊರಗೆ ಕಾಲಿಡುವ ಮೊದಲೇ ಎದುರಿನ ಬಾಗಿಲು ತೆರೆಯಿತು. ಅಜ್ಜಿ ಓಡಿಬಂದಿದ್ದಳು, ಆ ಮಂಡಿಯಲ್ಲಿ. ಇವನನ್ನು ನೋಡಿ ನಿಂತಳು.

"ನೀನಾ" ಎಂದಳು. "ಅವರನ್ನೇ ವಾಪಸ್ ಕರ್ಕೊಂಡ್ ಬಂದ್ರೇನೋ ಅಂದ್ಕೊಂಡೆ."

ಒಳಗೆ ಯಾವ ವಾಸನೆಯೂ ಇರಲಿಲ್ಲ. ಒಲೆಯ ಮೇಲೆ ಬಾಣಲೆ ಬೋರಲಾಗಿತ್ತು. ಕಿಟಕಿಯ ಬಳಿಯಿದ್ದ ಕುರ್ಚಿ ಈಗ ಬಾಗಿಲ ಪಕ್ಕದಲ್ಲಿತ್ತು. ಅಜ್ಜಿ ಅವನಿಗೆ ಕಾಫಿ ಕೊಟ್ಟೇ ಮಾತು ಶುರು ಮಾಡಿದಳು.

"ಶನಿವಾರ ಎದ್ದವರೇ ತಾವಾಗೇ ಗಡ್ಡ ಬೋಳಿಸ್ಕೊಂಡ್ರು. ಎಷ್ಟು ತಿಂಗಳಾಗಿತ್ತು ಗೊತ್ತಾ? ಕೊರಳಿಗೆ ಟೇಪು ಹಾಕ್ಕೊಂಡು, ಕತ್ತರಿ ಹುಡುಕಿ ಹಿಡ್ಕೊಂಡು, ಕುರ್ಚಿ ಇಲ್ಲಿಗೆ ಎಳ್ಕೊಂಡು ಕೂತ್ರು. ಬರ್ತೀನಿ ಅಂದಿದ್ದಾನೆ, ಬರ್ತಾನೆ ಅಂತ. ಆ ಗಂಟೆ ಟಿಣ್ ಅಂದಾಗೆಲ್ಲ, ಬಂದ ಬಂದ ಅಂತ ಎದ್ದು ಬಾಗಿಲು ತೆಗೆದು ಹೊರಗೆ ಹೋಗೋರು. ಒಂದ್ಸಲ ಮೇಲಿನ ಮನೆ ಹುಡುಗಿ ತಪ್ಪಿ ಇದೇ ಮಹಡೀಲಿ ಇಳಿದ್ಲು. ಇವರು ಕತ್ತರಿ ಹಿಡ್ಕೊಂಡು ಎದುರಿಗೇ ನಿಂತಿದ್ರು. ಅವಳು ಕಿಟಾರನೆ ಕಿರುಚಿದ್ಲು. ಅದೇ ಹೊತ್ತಿಗೆ ಕಚೇರಿಯವಳೂ ಮೆಟ್ಟಿಲು ಹತ್ತಿ ಬಂದ್ಲು."

"ನೀವು ಹೇಳ್ಬೇಕಿತ್ತಲ್ಲಮ್ಮಾ, ಹೀಗೆ ಹೀಗೆ ಅಂತ."

"ಹೇಳ್ದೆ. ಯಾರೋ ಬರೋರಿದ್ದಾರೆ, ಅದಕ್ಕೆ ಕಾಯ್ತಿದ್ದಾರೆ ಅಂದೆ. ಯಾರು ಅಂದ್ಲು. ಲಿಫ್ಟು ರಿಪೇರಿಯವನು ಅಂದೆ. ಲಿಫ್ಟು ಸರಿಯಾಗಿದ್ಯಲ್ಲ ಅಂದ್ಲು. ಅವಳು ಹೋಗೋವರೆಗೂ ಯಾರೂ ಬರ್ಲಿಲ್ಲ. ಇಲ್ಲದೇ ಇರೋರು ಇವರಿಗೆ ಕಾಣಿಸ್ತಾರೆ, ಕತ್ತರಿ ಹಿಡ್ಕೊಂಡು ಹೊರಗೆ ಓಡ್ತಾರೆ, ಇನ್ನು ಮನೇಲಿ ಇಡೋ ಹಾಗಿಲ್ಲ ಅಂತ ಆಯ್ತು. ಸಂಜೆನೇ ಕರ್ಕೊಂಡ್ ಹೋದ್ರು."

ಲಿಫ್ಟ್ ಮಾವನ ಕೈಯಲ್ಲಿ ಕಾಫಿ ಆರುತ್ತಿತ್ತು. ಬರದೇ ಇದ್ದದ್ದು ಒಂದೇ ತಪ್ಪು ಎಂದುಕೊಂಡು ಬಾಗಿಲವರೆಗೆ ಬಂದಿದ್ದ. ಬರ್ತೀನಿ ಎಂದು ಹೇಳದೇ ಹೋಗಿದ್ದರೆ ಅಜ್ಜ ಗೋಡೆ ನೋಡುತ್ತ ತೆಪ್ಪಗೆ ಕೂತಿರುತ್ತಿದ್ದ, ಇನ್ನೊಂದಷ್ಟು ದಿನವಾದರೂ ಈ ಮನೆಯಲ್ಲಿ ಇರುತ್ತಿದ್ದ. ಅದು ಈಗ ತಿಳಿಯಿತು.

"ತಪ್ಪಾಯ್ತಮ್ಮಾ. ನಾನು ಹೊರಡೋವಾಗ ಹೇಳೋ ಮಾತು ಅಂತ…"

"ಗೊತ್ತಪ್ಪಾ. ನಂಗೆ ಅವತ್ತೇ ಗೊತ್ತಿತ್ತು. ಬರ್ತೀನಿ ಅಂದೋರೆಲ್ಲ ಬರ್ತಾರಾ? ಅವರಿಗೆ ಬಿಡಿಸಿ ಹೇಳ್ಬಹುದಿತ್ತು ನಾನು. ಹೇಳ್ಲಿಲ್ಲ. ಎರಡು ದಿನ ಅದೇ ಮಾತು ಆಡ್ಕೊಂಡು ಎಷ್ಟು ಗೆಲುವಾಗಿದ್ರು ಅಂದ್ರೆ, ನಾನೂ ನಂಬ್ಬಿಟ್ಟೆ." ಅವಳು ಚೀಲದಿಂದ ಇಣುಕುತ್ತಿದ್ದ ಪ್ಯಾಂಟನ್ನು ನೋಡಿದಳು. "ಒಂದ್ಸಲ ಫೋನಲ್ಲಾದ್ರೂ ಮಾತಾಡು. ಅಲ್ಲಿಗೆ ಹೋದಾಗಿನಿಂದ ಒಂದಕ್ಷರ ಆಡಿಲ್ವಂತೆ."

ಅವಳೇ ನಂಬರು ಒತ್ತಿ, ಅಲ್ಲಿಯ ದಾದಿಗೆ ಏನೋ ಹೇಳಿ, ಫೋನನ್ನು ಇವನ ಕೈಗೆ ಕೊಟ್ಟಳು. ಆ ಕಡೆ ಉಸಿರಾಟದ ಸದ್ದು ಮಾತ್ರ ಇತ್ತು.

"ಅಜ್ಜಾ" ಎಂದ ಲಿಫ್ಟ್ ಮಾವ.

"ಯಾರು? ಪ್ಯಾಂಟಿನವನಾ?"

"ಹೌದಜ್ಜಾ. ಒಗೆದು ತಂದಿದ್ದೀನಿ."

"ಒಗೆದಿದ್ದು ಒಳ್ಳೇದಾಯ್ತು. ಕುಗ್ಗೋದಿದ್ರೆ ಈಗ್ಲೇ ಕುಗ್ಗಿರುತ್ತೆ, ಆಮೇಲೆ ಅಳತೆ ತಪ್ಪಲ್ಲ. ಒಳಮಡಿಕೆ ಎಷ್ಟಿದೆ ನೋಡು. ಎರಡು ಬೆರಳು ಇದ್ರೆ ಕತ್ತರಿಸೋದೇ ಬೇಡ, ಮಡಚಿ ಕೈಹೊಲಿಗೆ ಹಾಕಿದ್ರೆ ಸಾಕು. ಇಲ್ಲಿ ಒಬ್ಬರಿಗೂ ಹೊಲಿಗೆ ಅಂದ್ರೆ ಏನು ಅಂತ ಗೊತ್ತಿಲ್ಲ ಮಾರಾಯಾ. ನಂಗೊಂದು ಅಂಗಿ ಕೊಟ್ಟಿದ್ದಾರೆ, ಬಲದ ತೋಳು ಒಂದಳತೆ, ಎಡದ ತೋಳು ಒಂದಳತೆ. ಹೊಲಿದವನು ಕೈಗೆ ಸಿಕ್ಕಿದ್ರೆ ಅವನಿಗೇ ತೊಡಿಸ್ತಿದ್ದೆ." ಅಜ್ಜ ನಕ್ಕ. "ನಿನ್ನ ಕಾಫಿ ಆಯ್ತಾ? ಅವಳು ಏನಾದ್ರೂ ತಿನ್ನೋಕೆ ಕೊಟ್ಳಾ?"

ಅಜ್ಜಿ ಹತ್ತಿರ ಬಂದು ಫೋನಿಗೆ ಕಿವಿ ತಾಗಿಸಿ ನಿಂತಿದ್ದಳು. ಒಂದು ಮಾತೂ ತೊದಲಲಿಲ್ಲ, ಒಂದೂ ಹಳಿ ತಪ್ಪಲಿಲ್ಲ. ಅಂಗಿಯ ವಿಷಯ ಮುಗಿಸಿ ಕಾಲರಿನ ವಿಷಯಕ್ಕೆ ಬಂದ ಅಜ್ಜ.

"ಇದರಲ್ಲಿ ಅರ್ಧ ಆಡಿದ್ರೂ ಸಾಕಿತ್ತು ಅವತ್ತು" ಎಂದಳು ಅಜ್ಜಿ.

ಲಿಫ್ಟ್ ಮಾವ ಅವಳ ಕಡೆ ನೋಡಲಾರದೆ ಗೋಡೆಯ ಕಡೆ ತಿರುಗಿದ.

"ನೀನೀಗ ಎಲ್ಲಿದ್ದೀಯಾ?" ಎಂದು ಅಜ್ಜ ಕೇಳಿದ.

"ನಿಮ್ಮನೇಲೇ ಅಜ್ಜಾ."

"ಹಾಗಿದ್ರೆ ಅಲ್ಲೇ ಇರು, ಎಲ್ಲೂ ಹೋಗ್ಬೇಡ. ನಾನೇ ಬರ್ತೀನಿ. ಇಲ್ಲಿ ಯಾರಿಗಾದ್ರೂ ಹೇಳಿ ಈಗ್ಲೇ ಹೊರಟೆ. ಇರ್ತೀಯಾ ತಾನೇ?"

"ಇರ್ತೀನಿ ಅಜ್ಜಾ" ಎಂದ ಲಿಫ್ಟ್ ಮಾವ. ವಿಮಾನಕ್ಕೆ ಹೊರಡಲು ಆಗಲೇ ತಡವಾಗಿತ್ತು.